ತಾಂಗ್ ಮುಲಿನ್‌ಗೆ ಶ್ರದ್ಧಾಂಜಲಿ

ಅಮೆರಿಕದ ಬಾಸ್ಕಿಂಗ್ ರಿಡ್ಜ್‌ನಲ್ಲಿ ಡಾಕ್ಟರ್ ಅಶ್ವತ್ಥನಾರಾಯಣರ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡ ಬಳಗದ ಕಮಿಟಿ ಸೇರಿದಾಗಲೆಲ್ಲ ಶಿವಶಂಕರಪ್ಪ ಜಗಳವಾಡದೆ ಎದ್ದು ಬಂದದ್ದಿಲ್ಲ. ಒಮ್ಮೆ ನಾಟಕದ ಪಾತ್ರಕ್ಕೆ, ಒಮ್ಮೆ ಊಟಕ್ಕೆ ರೊಟ್ಟಿ ಬೇಕೋ ಚಪಾತಿ ಸಾಕೋ ಎಂಬುದಕ್ಕೆ, ಒಮ್ಮೆ ಸುಮ್ಮನೆ. ಆದರೆ ೧೯೭೩ರ ಮಾರ್ಚ್ ತಿಂಗಳ ಆ ಭಾನುವಾರ ಅವನು ಜಗಳ ಬೇಡವೆಂದು ನಿಶ್ಚಯಿಸಿಕೊಂಡೇ ಹೋಗಿದ್ದ. ಅವನಿಗೆ ಬಳಗದಿಂದ ಒಂದು ಕೆಲಸ ಆಗಬೇಕಿತ್ತು.

"ಚೀನಾದವನಾ?" ಎಂದರು ಅಶ್ವತ್ಥನಾರಾಯಣರು, ಕನ್ನಡಕ ತೆಗೆದು ಮೇಜಿನ ಮೇಲಿಡುತ್ತ. ಬಳಗದ ಅಧ್ಯಕ್ಷರು, ಮೈಸೂರಿನವರು, ಹೃದಯದ ಡಾಕ್ಟರು. ಕನ್ನಡಕ ತೆಗೆದರೆಂದರೆ ರೋಗಿಗೆ ಕೆಟ್ಟ ಸುದ್ದಿ ಹೇಳುವ ಮುಖ ಬರುತ್ತಿತ್ತು. "ನಮ್ಮ ಬಳಗದ ಹೆಸರಲ್ಲಿ ಚೀನಾದವನೊಬ್ಬನ ಪುಸ್ತಕ ಪ್ರಿಂಟ್ ಮಾಡಿಸಬೇಕಾ? ಯಾಕೆ ಸ್ವಾಮಿ, ಕನ್ನಡದಲ್ಲಿ ಬರೆಯೋರೆಲ್ಲ ಕೈ ತೊಳಕೊಂಡು ಎದ್ದುಬಿಟ್ರಾ?"

"ಅಲ್ರೀ, ಕನ್ನಡದಾಗ ಇಂಥಾ ಕಥಿ ಇಲ್ಲ ಅಂತ ತರಾಕತ್ತೀನಿ. ಎರಡು ವರ್ಷ ಕುಂತು ಕನ್ನಡಕ್ಕ ಮಾಡೀನಿ. ಮುಗೀತ ಬಂತು. ಬಳಗದ ಹೆಸರು ಇದ್ರ ಧಾರವಾಡದಾಗ ಯಾರರೆ ಅಚ್ಚು ಹಾಕ್ತಾರ."

"ಒಳ್ಳೇದು. ಮಾಡಿ, ಮನೇಲಿ ಇಟ್ಕೊಳ್ಳಿ."

ಕಾರ್ಯದರ್ಶಿ ದ್ವಾರಕಾನಾಥ ನಕ್ಕ. ಅವನು ನಗದೆ ಇದ್ದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಶಿವಶಂಕರಪ್ಪನಿಗೆ ಯಾರು ಬೈದರೂ ತಡೆದೀತು, ನಕ್ಕರೆ ಮಾತ್ರ ಕಿವಿಯ ತುದಿ ಕೆಂಪಾಗುತ್ತಿತ್ತು.

"ನೋಡಿ ಶಿವಶಂಕರಪ್ಪ," ಅಶ್ವತ್ಥನಾರಾಯಣರ ದನಿ ಗಡುಸಾಯಿತು. "ನನ್ನ ತಮ್ಮ ಬದರೀನಾಥ ಅರವತ್ತೆರಡರ ಚೀನಾ ಯುದ್ಧದಲ್ಲಿ ನೇಫಾ ಗಡಿಗೆ ಹೋದವನು ವಾಪಸ್ ಬರಲಿಲ್ಲ. ಹೆಣ ಕೂಡ ಬರಲಿಲ್ಲ. ನಾನು ಅಧ್ಯಕ್ಷನಾಗಿರೋವರೆಗೂ ಈ ಬಳಗದಲ್ಲಿ ಚೀನೀ ಕಮ್ಯುನಿಸ್ಟನ ಹೆಸರು ಎತ್ತಬೇಡಿ. ದಟ್ಸ್ ಫೈನಲ್."

"ನಿಮ್ಮ ತಮ್ಮನ ಮ್ಯಾಲೆ ಗುಂಡು ಹಾರಿಸಿದ್ದು ಇವನೇನ್ರೀ? ಇವ ಕಥಿ ಬರಿಯಾಂವ! ಇವನನ್ನ ಇವನ ಸರಕಾರನ ಹಿಡಿದು ಹೊಡೀತು. ಇವನ ಸರಕಾರನ..." ಶಿವಶಂಕರಪ್ಪ ಮೇಜು ಗುದ್ದಿದ. ಕಾಫಿ ಲೋಟ ಹಾರಿಬಿತ್ತು. "ಸತ್ತಾನ್ರೀ ಅವ! ಕೆಂಪು ಚೀನಾದವರ ಕೈಯಾಗ ಸತ್ತು ಮಣ್ಣಾಗ್ಯಾನ! ಇನ್ನೂ ಎಷ್ಟು ಸಲ ಕೊಲ್ಲಬೇಕಂತೀರಿ ಅವನ್ನ?"

ಬಾಯಿಂದ ಬಂದುಬಿಟ್ಟಿತು. ಬಂದದ್ದನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು. ಬೇಸ್‌ಮೆಂಟಿನ ಗಾಳಿಯೇ ಬದಲಾಯಿತು.

"ಓ," ಎಂದರು ಅಶ್ವತ್ಥನಾರಾಯಣರು, ಕನ್ನಡಕ ಹಾಕಿಕೊಳ್ಳುತ್ತ. "ಅವರೇ ಕೊಂದ್ರಾ? ಇದನ್ನ ಮೊದಲೇ ಹೇಳಬಾರದಾ?"

"ಹಾಗಾದ್ರೆ ಅವರು ಆ್ಯಂಟಿ-ಕಮ್ಯುನಿಸ್ಟ್ ಆಯ್ತು," ಎಂದ ದ್ವಾರಕಾನಾಥ, ಪೆನ್ನಿನ ಮುಚ್ಚಳ ತೆಗೆದು.

ಅಲ್ಲ, ಅವನು ಎಲುಬಿನವರೆಗೂ ಕ್ರಾಂತಿಕಾರಿ, ತನ್ನವರು ಸುಳ್ಳು ಹೇಳಿದಾಗ ಸುಳ್ಳೆಂದ, ಅಷ್ಟೇ ಎನ್ನಬೇಕೆಂದು ಶಿವಶಂಕರಪ್ಪ ಬಾಯಿ ತೆರೆದ. ಅಷ್ಟರಲ್ಲಿ ಅಶ್ವತ್ಥನಾರಾಯಣರು, "ಸತ್ತವರ ಮೇಲೆ ನಮಗೇನು ದ್ವೇಷ? ಒಂದು ಶ್ರದ್ಧಾಂಜಲಿ ಸಭೆ ಇಟ್ಕೊಳ್ಳೋಣ. ಯುಗಾದಿ ಟೈಮಲ್ಲಿ ಬೇಡ, ಮೇ ತಿಂಗಳಲ್ಲಿ. ಅದರಲ್ಲೇ ಪುಸ್ತಕದ ಅನೌನ್ಸ್‌ಮೆಂಟ್ ಮಾಡಿ," ಎಂದರು.

ಶಿವಶಂಕರಪ್ಪ ತೆರೆದ ಬಾಯನ್ನು ಮುಚ್ಚಿಕೊಂಡ.

ಮೇಲೆ ಅಡುಗೆಮನೆಯಲ್ಲಿದ್ದ ಹೆಂಡತಿ ವೀರಬಸಮ್ಮನಿಗೆ ಎಲ್ಲವೂ ಕೇಳಿಸಿತ್ತು. ಕಾರು ಹೈವೇ ಸೇರಿದ ಮೇಲೆ ಅವಳು ಕೇಳಿದಳು: "ಅವ ಸತ್ತಾನಂತ ನಿಮಗ ಯಾರ್ ಹೇಳಿದ್ರು?"

"ಏಳು ವರ್ಷ ಆತು, ಸುದ್ದಿ ಇಲ್ಲ ಸುಕಾಲ ಇಲ್ಲ. ಮತ್ತೇನು ಬದುಕಿರ್ತಾನ?"

"ಹಂಗಾರ ನಮ್ಮ ಸ್ವಾದರಮಾವಗೂ ತಿಥಿ ಮಾಡಿಬಿಡ್ರಿ. ಮುಂಬೈಗೆ ಹೋಗಿ ಕಾರ್ಡು ಹಾಕಿಲ್ಲ ಅವನೂ."

"ಬಾಯಿ ಮುಚ್ಕೊಂಡು ಕುಂದ್ರು."

"ನಾ ಮುಚ್ತೀನಿ. ಆ ಬಾಯಾರ ಮುಂದ ಹೆಂಗ ಮುಚ್ತೀರಿ?"

ಅವಳು ಹೇಳಿದ್ದು ಮಿಸ್ ತಾಂಗ್ ಬಗ್ಗೆ.

ಮಿಸ್ ತಾಂಗ್ ಸೀಕಾಕಸ್‌ನ ಒಂದು ಪುಸ್ತಕದ ಗೋದಾಮಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಐವತ್ತು ದಾಟಿದ, ಗಟ್ಟಿ ಹಲ್ಲಿನ, ಮುಗುಳುನಗೆಯನ್ನು ಯಾರಿಗೂ ಪುಕ್ಕಟೆ ಕೊಡದ ಹೆಂಗಸು. ತಾಂಗ್ ಮುಲಿನ್ ಅವಳ ಅಣ್ಣ. ಶಿವಶಂಕರಪ್ಪ ಪಾರ್ಸಿಪನಿಯ ಬಾಯ್ಲರ್ ಕಂಪನಿಯಲ್ಲಿ ನಕ್ಷೆ ಬರೆಯುವ ಇಂಜಿನಿಯರು. ಅವನು ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ ಇಂಗ್ಲಿಷ್ ಪುಸ್ತಕವೊಂದರಲ್ಲಿ ಮುಲಿನ್‌ನ ಒಂದು ಕಥೆ ಓದಿದ್ದ. ಜಮೀನ್ದಾರ ಎದುರು ಬಂದಾಗ ತಲೆಯ ಟೋಪಿ ತೆಗೆಯದ ಒಬ್ಬ ಗೇಣಿದಾರನ ಕಥೆ. ಓದಿ ಮುಗಿಸಿ ಕಾರಿನಲ್ಲಿ ಕುಳಿತು ಬಹಳ ಹೊತ್ತು ಎಂಜಿನ್ ಶುರು ಮಾಡಲಾಗಲಿಲ್ಲ. ಅವನ ಅಪ್ಪ ನರಗುಂದದ ಕಡೆಯ ದೇಸಾಯಿಯೊಬ್ಬನ ಹೊಲ ಉಳುತ್ತಿದ್ದವನು. ದೇಸಾಯಿ ಕುದುರೆಯ ಮೇಲೆ ಬಂದರೆ ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ನಿಲ್ಲುತ್ತಿದ್ದ. ಚೀನಾದವನೊಬ್ಬ ತನ್ನ ಅಪ್ಪನ ಬೋಳುತಲೆಯನ್ನು ಎಲ್ಲಿಂದ ನೋಡಿದ ಎಂದು ಶಿವಶಂಕರಪ್ಪನಿಗೆ ಸಿಟ್ಟೇ ಬಂದಿತ್ತು.

ಆ ಸಿಟ್ಟಿನಲ್ಲೇ ಹುಡುಕಿಕೊಂಡು ಹೋಗಿ ಮಿಸ್ ತಾಂಗ್‌ಳನ್ನು ಕಂಡಿದ್ದ. ಅಂದಿನಿಂದ ಪ್ರತಿ ಶನಿವಾರ ಅವಳ ಮನೆಯಲ್ಲಿ ಕೆಲಸ. ಕೆಲಸದ ರೀತಿಯೇ ವಿಚಿತ್ರ. ಅವಳು ಚೀನೀ ಪುಸ್ತಕದಿಂದ ಒಂದೊಂದು ವಾಕ್ಯ ಗಟ್ಟಿಯಾಗಿ ಓದುವಳು, ಇಂಗ್ಲಿಷಿನಲ್ಲಿ ಅರ್ಥ ಹೇಳುವಳು. ಅವನು ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಒಂದಕ್ಷರ ಕನ್ನಡ ಬಾರದ ಅವಳು ಕಣ್ಣು ಮುಚ್ಚಿ ಕೇಳಿ, "ಉದ್ದ ಆಯಿತು. ನನ್ನ ಅಣ್ಣನಿಗೆ ಅಷ್ಟು ಉಸಿರಿಲ್ಲ," ಎನ್ನುವಳು.

"ಕನ್ನಡ ಹೀಗೇ ಇರೋದು," ಎಂದು ಅವನು ಇಂಗ್ಲಿಷಿನಲ್ಲಿ ಕೂಗುವನು.

"ಹಾಗಾದರೆ ಕನ್ನಡ ತಪ್ಪು," ಎನ್ನುವಳು ಅವಳು. ಅವನು ಬೈದುಕೊಳ್ಳುತ್ತ ವಾಕ್ಯವನ್ನು ಕಡಿಯುವನು. ಕಡಿದ ಮೇಲೆ ಓದಿದರೆ ಅದೇ ಸರಿ ಇರುತ್ತಿತ್ತು. ಅದಕ್ಕೂ ಅವನಿಗೆ ಸಿಟ್ಟು.

ಮುಲಿನ್‌ನ ಬಾಳನ್ನು ಅವಳು ಹಾಗೆಯೇ ತುಂಡು ತುಂಡಾಗಿ ಹೇಳಿದ್ದಳು. ರೇಷ್ಮೆಹುಳು ಸಾಕುವ ಊರಿನಲ್ಲಿ ಹುಟ್ಟಿದವನು. ಅಪ್ಪ ಜಮೀನ್ದಾರನ ಪರವಾಗಿ ಗೇಣಿ ವಸೂಲಿ ಮಾಡುತ್ತಿದ್ದ; ಮಗ ಆ ಅಪ್ಪನ ಮೇಲೆಯೇ ಮೊದಲ ಕಥೆ ಬರೆದು ಮನೆ ಬಿಟ್ಟ. ಹಳೆಯ ಸರಕಾರ ಅವನನ್ನು ಜೈಲಿಗೆ ಹಾಕಿ ಬಲಗೈಯ ಬೆರಳು ಮುರಿಯಿತು. ಎಡಗೈಯಲ್ಲಿ ಬರೆಯಲು ಕಲಿತ. ಬೆಟ್ಟಗಳ ದಾರಿಯಲ್ಲಿ ನಡೆದು ಕ್ರಾಂತಿಯನ್ನು ಸೇರಿದ. ಕ್ರಾಂತಿ ಗೆದ್ದಿತು, ಶಾಲೆಯ ಪುಸ್ತಕಗಳಲ್ಲಿ ಅವನ ಕಥೆ ಬಂತು. ಆಮೇಲೆ ಊರುಗಳಲ್ಲಿ ಜನ ಹಸಿದು ಸಾಯುತ್ತಿದ್ದಾಗ ಕಣಜ ತುಂಬಿದೆಯೆಂದು ವರದಿ ಬರೆಯುವ ಒಬ್ಬ ಅಧಿಕಾರಿಯ ಕಥೆ ಬರೆದ. ಅಲ್ಲಿಗೆ ಮುಗಿಯಿತು. ಅರವತ್ತಾರರಲ್ಲಿ, ಅವನ ಕಥೆ ಓದಿ ಬೆಳೆದ ಮಕ್ಕಳೇ ಅವನ ತಲೆಗೆ ಕಾಗದದ ಟೋಪಿ ಹಾಕಿ ಬೀದಿಯಲ್ಲಿ ಮೆರವಣಿಗೆ ಮಾಡಿದರು. ಅನಂತರ ಅವನು ಎಲ್ಲಿ ಹೋದನೆಂದು ಯಾರಿಗೂ ಗೊತ್ತಿಲ್ಲ.

"ಬದುಕಿದ್ದಾನೆ," ಎನ್ನುತ್ತಿದ್ದಳು ಮಿಸ್ ತಾಂಗ್. "ಹೊರಗಡೆ ಒಬ್ಬನಾದರೂ ಅವನೆಲ್ಲಿ ಎಂದು ಕೇಳುತ್ತಿರುವ ತನಕ ಅವನನ್ನು ಮುಗಿಸಿಬಿಡಲು ಅವರು ಹಿಂದೆಮುಂದೆ ನೋಡುತ್ತಾರೆ. ಕೇಳುವುದು ನಿಂತ ದಿನ ಮುಗಿಸುತ್ತಾರೆ."

ಅವಳೇ ಕೇಳುವ ಹಾಗಿರಲಿಲ್ಲ. ಅಕ್ಕನ ಸಂಸಾರ ಅಲ್ಲೇ ಇತ್ತು. ಅಮೆರಿಕದಿಂದ ಇವಳು ಕೇಳಿದರೆ ಅಲ್ಲಿ ಅವರ ಬಾಗಿಲು ಬಡಿಯುತ್ತಿದ್ದರು. ವಿಶ್ವವಿದ್ಯಾಲಯವೊಂದರಲ್ಲಿ ಚೀನಾದ ಇತಿಹಾಸ ಕಲಿಸುವ ಅಮೆರಿಕನ್ ಪ್ರೊಫೆಸರ್ ಒಬ್ಬರಿದ್ದರು. ಚೀನಾದವರು ಮ್ಯಾನ್‌ಹಟನ್‌ನಲ್ಲಿ ಹೊಸದಾಗಿ ಕಚೇರಿ ತೆರೆದ ಮೇಲೆ, ಅವರು ಆಗಾಗ ಸಂಶೋಧನೆಯ ನೆಪದಲ್ಲಿ ಅಲ್ಲಿ ಮುಲಿನ್‌ನ ಕುಶಲ ವಿಚಾರಿಸುತ್ತಿದ್ದರು. ಉತ್ತರ ಬಂದಿರಲಿಲ್ಲ. ಆದರೆ ಇಲ್ಲವೆಂಬ ಉತ್ತರವೂ ಬಂದಿರಲಿಲ್ಲ. ಮಿಸ್ ತಾಂಗ್ ಅಷ್ಟನ್ನೇ ಹಿಡಿದುಕೊಂಡಿದ್ದಳು.

ಇದೆಲ್ಲ ಗೊತ್ತಿದ್ದೂ ಶಿವಶಂಕರಪ್ಪ ಅವಳಿಗೆ ಹೇಳಿದ್ದು ಇಷ್ಟೇ: "ನಮ್ಮ ಜನ ನಿಮ್ಮ ಅಣ್ಣನನ್ನು ಗೌರವಿಸಬೇಕೆಂದಿದ್ದಾರೆ. ಅವನ ಫೋಟೋ ಕೊಡಿ, ನೀವೂ ಬನ್ನಿ."

ಅವಳ ಗಟ್ಟಿ ಮುಖ ಅವತ್ತು ಸ್ವಲ್ಪ ಸಡಿಲಾಯಿತು. ಪೆಟ್ಟಿಗೆಯ ತಳದಿಂದ ಫೋಟೋ ತೆಗೆದು ಸೆರಗಿಲ್ಲದ ಅಂಗಿಯ ಅಂಚಿನಿಂದಲೇ ಒರೆಸಿ ಕೊಟ್ಟಳು. "ಇಂಡಿಯಾದವರು!" ಎಂದಳು. "ಅವನಿಗೆ ತಿಳಿದರೆ ನಗುತ್ತಾನೆ."

ಶಿವಶಂಕರಪ್ಪ ಎಲ್ಲ ಲೆಕ್ಕ ಹಾಕಿದ್ದ. ಭಾಷಣಗಳು ಕನ್ನಡದಲ್ಲಿ, ಅವಳಿಗೆ ತಿಳಿಯುವುದಿಲ್ಲ. ಫೋಟೋಕ್ಕೆ ಹಾರ ಹಾಕಿದರೆ ಇಂಡಿಯಾದವರ ಮರ್ಯಾದೆ ಎಂದುಕೊಳ್ಳುತ್ತಾಳೆ. ಎದ್ದು ನಿಲ್ಲುವ ಎರಡು ನಿಮಿಷದ ಮೌನ ಮಾತ್ರ ಅವಳು ಬರುವ ಮೊದಲೇ ಮುಗಿಯಬೇಕು. ಅದಕ್ಕೇ ಅವಳನ್ನು ಕರೆತರುವ ಕೆಲಸವನ್ನು ಪ್ರಭಾಕರನಿಗೆ ಒಪ್ಪಿಸಿ, ತಡವಾಗಿಯೇ ಹೊರಡಲು ಹೇಳಿದ್ದ. ಪ್ರಭಾಕರ ಆ ಪ್ರೊಫೆಸರರ ವಿಶ್ವವಿದ್ಯಾಲಯದಲ್ಲೇ ಓದುತ್ತಿದ್ದ ಹುಡುಗ, ಯಾವ ಕೆಲಸವನ್ನೂ ಬೇಗ ಮುಗಿಸುವ ಉತ್ಸಾಹಿ.

ಪಾರ್ಸಿಪನಿಯ ಚರ್ಚಿನ ಹಾಲ್. ದೀಪ ಹಚ್ಚಿದರೆ ಅಲಾರಂ ಹೊಡೆಯುತ್ತದೆಂದು ಪಾದ್ರಿ ಎಚ್ಚರಿಸಿದ್ದರಿಂದ ಹಿತ್ತಾಳೆಯ ದೀಪಕ್ಕೆ ಬತ್ತಿಯಿಲ್ಲ, ಎರಡೇ ಊದಿನಕಡ್ಡಿ. ಅಶ್ವತ್ಥನಾರಾಯಣರ ಹೆಂಡತಿ ಕೌಸಲ್ಯಾ ಮಲ್ಲಿಗೆ ಸಿಗದೆ ಬಿಳಿ ಕಾರ್ನೇಶನ್ ಹೂಗಳನ್ನು ಸೂಜಿಯಲ್ಲಿ ಪೋಣಿಸಿ ದಪ್ಪ ಹಾರ ಮಾಡಿ ತಂದಿದ್ದರು. ಹಾರದ ನಡುವೆ ತಾಂಗ್ ಮುಲಿನ್ ತುಟಿ ಬಿಗಿದುಕೊಂಡು ಕುಳಿತಿದ್ದ. ಹಣೆಗೆ ಯಾರೋ ಕುಂಕುಮ ಬೇರೆ ಇಟ್ಟಿದ್ದರು.

ದ್ವಾರಕಾನಾಥ ಮೈಕಿನ ಮುಂದೆ "ಕಮ್ಯುನಿಸ್ಟರ ದಬ್ಬಾಳಿಕೆಗೆ ಬಲಿಯಾದ ಧೀಮಂತ ಚೇತನ" ಎಂದು ಹೇಳಿ, "ಅಗಲಿದ ಆತ್ಮಕ್ಕೆ ಎರಡು ನಿಮಿಷ ಮೌನ," ಎಂದ. ಕುರ್ಚಿಗಳು ಕಿರ್ರೆಂದವು. ಎಲ್ಲರೂ ಎದ್ದು ತಲೆ ತಗ್ಗಿಸಿದರು.

ಆಗ ಹಿಂದಿನ ಬಾಗಿಲು ತೆರೆಯಿತು. ರಸ್ತೆ ಖಾಲಿಯಿತ್ತೆಂದು ಪ್ರಭಾಕರ ಬೇಗನೆ ತಲುಪಿಬಿಟ್ಟಿದ್ದ.

ಶಿವಶಂಕರಪ್ಪ ತಲೆಯೆತ್ತಿ ನೋಡಿದ. ಮಿಸ್ ತಾಂಗ್ ಬೂದು ಬಣ್ಣದ ಕೋಟು ತೊಟ್ಟು, ಮದುವೆಗೆ ಬಂದವಳ ಹಾಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ನಿಂತಿರುವುದನ್ನು ಕಂಡಳು. ಕೈಚೀಲವನ್ನು ಎದೆಗೊತ್ತಿಕೊಂಡು ಅವಳೂ ತಲೆ ತಗ್ಗಿಸಿದಳು. ಯಾರಿಗೆಂದು ಅವಳಿಗೆ ತಿಳಿಯದು. ಪರರ ಮನೆಯ ದುಃಖವೆಂದು ಮರ್ಯಾದೆಯಿಂದ ನಿಂತಳು. ಶಿವಶಂಕರಪ್ಪನಿಗೆ ಓಡಿಹೋಗಿ ಅವಳ ತಲೆಯನ್ನು ಕೈಯಿಂದ ಎತ್ತಿಬಿಡಬೇಕೆನ್ನಿಸಿತು. ಆ ಎರಡು ನಿಮಿಷ ಮುಗಿಯಲೇ ಇಲ್ಲ.

"ಥ್ಯಾಂಕ್ಯೂ," ಎಂದ ದ್ವಾರಕಾನಾಥ.

ಕೌಸಲ್ಯಾ ಒಳ್ಳೆಯ ಹೆಂಗಸು. ಅವರೇ ಮುಂದಾಗಿ ಹೋಗಿ ಮಿಸ್ ತಾಂಗ್‌ಳ ಎರಡೂ ಕೈ ಹಿಡಿದುಕೊಂಡು, "ಐ ಆ್ಯಮ್ ಸೋ ಸಾರಿ ಫಾರ್ ಯುವರ್ ಲಾಸ್," ಎಂದರು.

ಮಿಸ್ ತಾಂಗ್ ಅವರನ್ನು ನೋಡಿದಳು. ಅವರ ಭುಜದಾಚೆ ವೇದಿಕೆ ನೋಡಿದಳು. ಬಿಳಿಯ ಹೂ, ಹೊಗೆ, ಅಣ್ಣನ ಮುಖ. ಅವಳ ಊರಿನಲ್ಲೂ ಸತ್ತವರಿಗೆ ಬಿಳಿಯ ಹೂವೇ.

ಕೈ ಬಿಡಿಸಿಕೊಂಡು ಅವಳು ನೆಟ್ಟಗೆ ವೇದಿಕೆಗೆ ನಡೆದಳು. "ಯಾವಾಗ ಸುದ್ದಿ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ಯಾರಿಂದ?"

ಅಶ್ವತ್ಥನಾರಾಯಣರು ಗಾಬರಿಯಾದರು. "ಮೇಡಂ, ನಿಮಗೆ ಗೊತ್ತಿಲ್ಲವೇ? ಶಿವಶಂಕರಪ್ಪನವರು ಹೇಳಿದರು..."

ಅವಳು ಇವನತ್ತ ತಿರುಗಿದಳು. ಒಂದು ಕ್ಷಣ, ಒಂದೇ ಕ್ಷಣ, ಅವಳ ಕಣ್ಣಿನಲ್ಲಿ ಇವನಿಗೆ ನಿಜವಾಗಿಯೂ ಏನೋ ಗೊತ್ತಿರಬಹುದೆಂಬ ಭಯವಿತ್ತು. ಆ ಭಯವನ್ನು ನೋಡುವುದಕ್ಕಿಂತ ಬೈಸಿಕೊಳ್ಳುವುದೇ ಮೇಲಿತ್ತು.

"ಸುದ್ದಿ ಇಲ್ಲ," ಎಂದ ಶಿವಶಂಕರಪ್ಪ. "ನಾನೇ ಅಂದದ್ದು."

"ಯಾಕೆ?"

"ಬದುಕಿರುವವನಿಗೆ ಇವರು ಹಾಲ್ ಕೊಡುತ್ತಿರಲಿಲ್ಲ."

ಅವಳು ತಲೆಯಾಡಿಸಿದಳು, ಅರ್ಥವಾಯಿತೆಂಬ ಹಾಗೆ. "ನಮ್ಮ ಅಪ್ಪ ಅವನು ಸತ್ತನೆಂದು ಊರಿಗೆ ಸಾರಿದ. ಹಳೆಯ ಸರಕಾರ ಪೇಪರಿನಲ್ಲಿ ಹಾಕಿಸಿತು. ಈಗ ನೀವು. ನಿಮ್ಮೆಲ್ಲರಿಗೂ ಅವನು ಸತ್ತಿದ್ದರೇ ಅನುಕೂಲ." ಮೈಕಿನತ್ತ ಬೆರಳು ತೋರಿಸಿದಳು. "ಹೋಗಿ. ನಿಮ್ಮ ಭಾಷೆಯಲ್ಲಿ ಹೇಳಿ. ಬದುಕಿದ್ದಾನೆಂದು."

ಶಿವಶಂಕರಪ್ಪ ಮೈಕು ಹಿಡಿದ. "ತಾಂಗ್ ಮುಲಿನ್ ಬದುಕ್ಯಾನ," ಎಂದ. "ಸತ್ತಾನಂತ ನಾ ಸುಳ್ಳು ಹೇಳಿದೆ. ಹೆಣ ಆಗದ ಹೊರತು ಯಾರನ್ನೂ ದೊಡ್ಡಾವರು ಅನ್ನೂ ಮಂದಿ ಅಲ್ಲ ನೀವು. ಅದಕ ಕೊಂದೆ."

ಹಾಲ್ ಗುಜುಗುಜು ಎಂದಿತು. ಹಿಂದಿನ ಸಾಲಿನಿಂದ ಯಾರೋ, "ಹಾಗಾದ್ರೆ ನಾವು ನಿಂತಿದ್ದು ಯಾರಿಗ್ರೀ?" ಎಂದರು. ನಗೆ ಹರಡಿತು.

"ಮಾಡೋದು ಮಾಡಿ ನಮಗೇ ಬೈತೀರಾ?" ಅಶ್ವತ್ಥನಾರಾಯಣರು ಎದ್ದರು. "ಈಗ ಬದುಕಿದ್ದಾನೆ ಅಂತೀರಲ್ಲ, ಪ್ರೂಫ್ ಏನು?"

"ಸತ್ತಾನ ಅಂದಾಗ ಪ್ರೂಫ್ ಕೇಳಿದ್ರ್ಯಾ? ಬಾಯಿ ಚಪ್ಪರಿಸಿಕೊಂಡು ಹಾರ ಪೋಣಿಸಿದ್ರಿ!"

"ನಾಲಿಗೆ ಬಿಗಿ ಹಿಡಿದು ಮಾತಾಡಿ!" ಅಶ್ವತ್ಥನಾರಾಯಣರು ಮಿಸ್ ತಾಂಗ್‌ಳತ್ತ ತಿರುಗಿದರು. ಸಿಟ್ಟಿನಲ್ಲೂ ಅವರ ಇಂಗ್ಲಿಷ್ ಡಾಕ್ಟರರ ಇಂಗ್ಲಿಷೇ. "ಮೇಡಂ, ತಪ್ಪಾಗಿದೆ, ಕ್ಷಮಿಸಿ. ಆದರೆ ಒಂದು ಮಾತು. ನನ್ನ ತಮ್ಮನನ್ನು ನಿಮ್ಮ ದೇಶದ ಸೈನ್ಯ ಕೊಂದಿತು. ಹೆಣ ಸಿಗಲಿಲ್ಲ. ನಮ್ಮಮ್ಮ ಮೂರು ವರ್ಷ ಬಾಗಿಲಿಗೆ ಚಿಲಕ ಹಾಕಲಿಲ್ಲ. ಕೊನೆಗೆ ನಾವು ದರ್ಭೆಯ ಹುಲ್ಲಿನಲ್ಲಿ ಅವನ ಗೊಂಬೆ ಮಾಡಿ ಸುಟ್ಟೆವು. ಕ್ರಿಯೆ ಮಾಡಿ ಮುಗಿಸಿದೆವು. ಆಮೇಲೆ ಮನೆಯಲ್ಲಿ ನಿದ್ದೆ ಬಂತು. ನೀವೂ ಮುಗಿಸಿಕೊಳ್ಳಿ. ಒಳ್ಳೆಯದಾಗುತ್ತದೆ."

ಮಿಸ್ ತಾಂಗ್ ಆಲಿಸಿದಳು. "ನಿಮ್ಮ ತಾಯಿಗೂ ನಿದ್ದೆ ಬಂತೇ?"

ಅಶ್ವತ್ಥನಾರಾಯಣರ ಮುಖ ಬಿಳಿಚಿಕೊಂಡಿತು. "ಗೆಟ್ ಹರ್ ಔಟ್ ಆಫ್ ಹಿಯರ್," ಎಂದು ಯಾರಿಗೆಂದಿಲ್ಲದೆ ಅರಚಿ ಗೋಡೆಯತ್ತ ತಿರುಗಿ ನಿಂತರು.

ಅವಳು ಫೋಟೋದ ಹಾರ ತೆಗೆದು ಕೌಸಲ್ಯಾರ ಕೈಗೆ ಕೊಟ್ಟಳು. ಹೆಬ್ಬೆರಳಿಗೆ ಉಗುಳು ಹಚ್ಚಿ ಗಾಜಿನ ಮೇಲಿನ ಕುಂಕುಮ ಒರೆಸಿದಳು. ಫೋಟೋವನ್ನು ಕೋಟಿನೊಳಗೆ ಇಟ್ಟುಕೊಂಡು ಹೊರನಡೆದಳು. ಶಿವಶಂಕರಪ್ಪ ಕಾರಿನ ಬಾಗಿಲು ತೆರೆದು ನಿಂತಿದ್ದ. ಅದನ್ನು ದಾಟಿ ಹೋಗಿ ಪ್ರಭಾಕರನ ಕಾರಿನಲ್ಲಿ ಕುಳಿತಳು.

ಮುಂದಿನ ಶನಿವಾರ ಅವನು ಎಂದಿನಂತೆ ಸೀಕಾಕಸ್‌ಗೆ ಹೋದ. ಅವಳು ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆಯೇ ನಿಂತು ಹೇಳಿದಳು. ಸಭೆಗೆ ಮುಂಚೆಯೇ ಪ್ರಭಾಕರ ಶ್ರದ್ಧಾಂಜಲಿ ಸಭೆಯ ಅಚ್ಚಾದ ಇಂಗ್ಲಿಷ್ ಪ್ರಕಟಣೆಯನ್ನು ಹೆಮ್ಮೆಯಿಂದ ಪ್ರೊಫೆಸರರಿಗೆ ಕೊಟ್ಟಿದ್ದ. ಅವರು ಮರುಗಿ, ಚೀನಾದವರ ಕಚೇರಿಗೆ ತಮ್ಮ ವಿಚಾರಣೆ ಇನ್ನು ಬೇಕಿಲ್ಲವೆಂದು ತಿಳಿಸಿಬಿಟ್ಟಿದ್ದರು.

"ಅವರ ಹತ್ತಿರ ಹೋಗಿ ನಿಜ ಹೇಳುತ್ತೇನೆ," ಎಂದ ಶಿವಶಂಕರಪ್ಪ.

"ನಾನೇ ಹೇಳಿದೆ. ಅವರು ಬಹಳ ಮೃದುವಾಗಿ ನನಗೆ ವಿಶ್ರಾಂತಿ ಬೇಕೆಂದರು. ತಂಗಿಯ ಆಸೆಯ ಮಾತು ಯಾರು ನಂಬುತ್ತಾರೆ? ಅಚ್ಚಾದ ಕಾಗದ ನಂಬುತ್ತಾರೆ." ಅವಳು ಕೈ ಕಟ್ಟಿಕೊಂಡಳು. "ಈಗ ಅವನನ್ನು ಕೇಳುವವರು ಭೂಮಿಯ ಮೇಲೆ ಒಬ್ಬರೂ ಇಲ್ಲ. ಆ ಕಚೇರಿಯವರಿಗೆ ಅದು ಗೊತ್ತಾಗಿದೆ."

"ಹಾಗಾದರೆ ನಾನು ಏನು ಮಾಡಲಿ? ಹೇಳಿ!"

"ಎರಡು ವರ್ಷ ನನ್ನ ಮನೆಯಲ್ಲಿ ಕುಳಿತು ನನ್ನ ಮೇಲೆ ಕೂಗಿದ್ದೀರಿ. ಕೆಳಗಿನ ಮನೆಯವರು ದೂರು ಕೊಟ್ಟಿದ್ದರು. ಹೋಗಿ ಅಲ್ಲಿ ಕೂಗಿ." ಬಾಗಿಲು ಹಾಕಿಕೊಂಡಳು.

ವೀರಬಸಮ್ಮ ಕೇಳಿ ಎದೆ ಎದೆ ಬಡಿದುಕೊಂಡಳು. "ಕೆಂಪು ಚೀನಾದವರ ಬಾಗಿಲಿಗೆ? ಅಲ್ಲಿ ಹೋದವರ ಫೋಟೋ ತೆಗೀತಾರಂತ ಪೊಲೀಸರು. ನಿಮ್ಮ ಕಂಪನಿ ನೇವಿಗೆ ಬಾಯ್ಲರ್ ಮಾಡಿ ಕೊಡ್ತೈತಿ. ನೌಕರಿ ಹೋದ್ರ ಏನ್ ಮಾಡ್ತೀರಿ? ಸಿಟಿಜನ್‌ಶಿಪ್ ಇಂಟರ್‌ವ್ಯೂ ಬ್ಯಾರೆ ಬಂದೈತಿ!"

"ಬರಲಿ."

"ಯಾವನೋ ಚೀನಾದವನ ಸಲುವಾಗಿ!"

"ಯಾವನೋ ಚೀನಾದವನ್ನ ನಾ ಕೊಂದೀನಲ್ಲ, ಅದರ ಸಲುವಾಗಿ. ಇಸ್ತ್ರಿ ಮಾಡಿದ ಅಂಗಿ ಕೊಡು."

ಅವಳು ಅಂಗಿಯನ್ನು ಅವನ ಮುಖಕ್ಕೆ ಎಸೆದಳು. ಆದರೆ ಇಸ್ತ್ರಿ ಮಾಡಿದ್ದನ್ನೇ ಎಸೆದಳು.

ಮ್ಯಾನ್‌ಹಟನ್‌ನಲ್ಲಿ ಆ ಕಚೇರಿಯ ಎದುರು ಫುಟ್‌ಪಾತಿನಲ್ಲಿ ಒಬ್ಬ ಪೊಲೀಸ್ ಕಾಫಿ ಕುಡಿಯುತ್ತ ನಿಂತಿದ್ದ. ಶಿವಶಂಕರಪ್ಪ ಗಂಟೆ ಒತ್ತಿದ. ಕೊರಳಿನವರೆಗೆ ಗುಂಡಿ ಹಾಕಿದ ಬೂದು ಅಂಗಿಯ ಯುವಕನೊಬ್ಬ ಬಾಗಿಲನ್ನು ಅರ್ಧ ತೆರೆದ.

"ತಾಂಗ್ ಮುಲಿನ್ ಎಲ್ಲಿದ್ದಾನೆ?" ಎಂದ ಶಿವಶಂಕರಪ್ಪ.

"ಆ ಹೆಸರಿನವರು ಇಲ್ಲಿ ಕೆಲಸ ಮಾಡುವುದಿಲ್ಲ."

"ಇಲ್ಲಿ ಕೆಲಸ ಮಾಡುವುದಿಲ್ಲವೆಂದು ನನಗೂ ಗೊತ್ತು. ಅವನು ಕಥೆಗಾರ. ಬದುಕಿದ್ದಾನೋ ಇಲ್ಲವೋ?"

ಯುವಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ಯಾವ ದೇಶದವರು?"

"ಇಂಡಿಯಾ."

ಯುವಕನ ಮುಖ ಬಿಗಿಯಾಯಿತು. "ಈ ಪ್ರಶ್ನೆ ನಿಮ್ಮ ಸರಕಾರದ್ದೇ?"

"ನನ್ನ ಸರಕಾರಕ್ಕೆ ಬೇರೆ ಕೆಲಸವಿದೆ. ಪ್ರಶ್ನೆ ನನ್ನದು."

"ಆ ವ್ಯಕ್ತಿ ಮೃತರಾದರೆಂದು ಇಲ್ಲಿನ ಒಬ್ಬ ಪ್ರೊಫೆಸರ್ ತಿಳಿಸಿದ್ದಾರೆ. ವಿಷಯ ಮುಗಿದಿದೆ."

"ಪ್ರೊಫೆಸರರಿಗೆ ಹೇಳಿದವರಿಗೆ ಹೇಳಿದವನು ನಾನು. ನಾನು ಹೇಳಿದ್ದು ಸುಳ್ಳು. ಈಗ ನೀವು ಹೇಳಿ."

ಯುವಕ ತಬ್ಬಿಬ್ಬಾದ. ಇಂಥದ್ದಕ್ಕೆ ಅವನಿಗೆ ಯಾರೂ ಉತ್ತರ ಕಲಿಸಿ ಕಳಿಸಿದಂತಿರಲಿಲ್ಲ. "ನಿಮಗೂ ಅವರಿಗೂ ಏನು ಸಂಬಂಧ?"

ಅನುವಾದಕ ಎಂದರೆ ಮುಲಿನ್ ಒಪ್ಪನು. ಗೆಳೆಯ ಎನ್ನಲು ಶಿವಶಂಕರಪ್ಪನಿಗೆ ಮುಖವಿರಲಿಲ್ಲ. "ಜಗಳದ ಸಂಬಂಧ," ಎಂದ ಕೊನೆಗೆ. ದನಿ ಏರಿತು. "ನನ್ನ ವಾಕ್ಯ ಉದ್ದವಂತೆ, ಅವನಿಗೆ ಅಷ್ಟು ಉಸಿರಿಲ್ಲವಂತೆ. ಎಷ್ಟು ಉಸಿರಿದೆಯೆಂದು ಅವನ ಬಾಯಿಂದಲೇ ಕೇಳಬೇಕು. ಸತ್ತವನ ಜೊತೆ ನಾನು ಜಗಳವಾಡುವುದಿಲ್ಲ. ಕರೆಸಿ ಅವನನ್ನು!"

ಯುವಕ ಬಾಗಿಲು ತಳ್ಳಿದ. ಶಿವಶಂಕರಪ್ಪ ಬೂಟಿನ ತುದಿಯನ್ನು ಸಂದಿಯಲ್ಲಿಟ್ಟ. ಮೇಲಿನ ಕಿಟಕಿಯೊಂದರಲ್ಲಿ ಪರದೆ ಸರಿಯಿತು. ಎದುರಿನ ಪೊಲೀಸ್ ಕಾಫಿ ಕಪ್ಪನ್ನು ಕೆಳಗಿಟ್ಟು ಇತ್ತ ನೋಡತೊಡಗಿದ. ಒಳಗಿನಿಂದ ಹಿರಿಯ ದನಿಯೊಂದು ಚೀನೀ ಭಾಷೆಯಲ್ಲಿ ಏನೋ ಕೇಳಿತು. ಯುವಕ ತಿರುಗಿ ಉತ್ತರಿಸಿದ. ಆ ಉತ್ತರದಲ್ಲಿ "ತಾಂಗ್ ಮುಲಿನ್" ಎಂಬ ಹೆಸರು ಎರಡು ಸಲ ಬಂತು. ಶಿವಶಂಕರಪ್ಪ ಎರಡೂ ಸಲ ಕೇಳಿಸಿಕೊಂಡ.

ಯುವಕ ಜೇಬಿನಿಂದ ಕಾಗದ, ಪೆನ್ಸಿಲ್ ತೆಗೆದ. "ನಿಮ್ಮ ಹೆಸರು, ವಿಳಾಸ, ಕೆಲಸದ ಸ್ಥಳ," ಎಂದ. ಅದು ವಿಚಾರಣೆಯೋ ಬೆದರಿಕೆಯೋ ತಿಳಿಯುವ ಹಾಗಿರಲಿಲ್ಲ.

ಬಾಯ್ಲರ್ ಕಂಪನಿಯ ಹೆಸರು ಹೇಳುವ ಮುನ್ನ ಮಾತ್ರ ಶಿವಶಂಕರಪ್ಪ ಒಮ್ಮೆ ಪೊಲೀಸನತ್ತ ತಿರುಗಿ ನೋಡಿದ. ಆದರೂ ಹೇಳಿದ. ತನ್ನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ರಸ್ತೆಯಾಚೆಯ ಪೊಲೀಸನಿಗೂ ಕೇಳುವ ಹಾಗೆ ಕೂಗಿ ಬರೆಸಿದ.

"ಮುಂದಿನ ಶನಿವಾರ ಬರುತ್ತೇನೆ," ಎಂದ. "ಅವತ್ತೂ ಉತ್ತರವಿಲ್ಲದಿದ್ದರೆ ಅದರ ಮುಂದಿನ ಶನಿವಾರ. ನನಗೆ ಶನಿವಾರ ಬೇರೆ ಕೆಲಸವಿಲ್ಲ. ಇದ್ದ ಕೆಲಸ ತಪ್ಪಿಹೋಗಿದೆ."

"ಕಾಲು ತೆಗೆಯಿರಿ," ಎಂದ ಯುವಕ.

"ಮೊದಲು ಅವನ ಹೆಸರು ಬರಿ. ನನ್ನ ಹೆಸರಿನ ಮೇಲೆ ಬರಿ. ನನಗೆ ಕಾಣಬೇಕು."

ಯುವಕ ಹಲ್ಲು ಕಚ್ಚಿ ಬರೆದ. ಆ ಅಕ್ಷರಗಳ ಆಕಾರ ಶಿವಶಂಕರಪ್ಪನಿಗೆ ಗೊತ್ತಿತ್ತು. ಎರಡು ವರ್ಷ ಪುಸ್ತಕದ ಬೆನ್ನಿನ ಮೇಲೆ ನೋಡಿದ್ದ. ಒಂದು ಗೆರೆಯೂ ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಕಾಲು ತೆಗೆದ.